ರೌಟರಿನೊಳಗೆ ಎರಡು ಖೋಲಿ

ಬೇವೂರಿನ ರೌಟರ್ ಸತ್ತ ಸುದ್ದಿ ಬಂದಾಗ ನಾನು ಕೊಪ್ಪಳದ ನಮ್ಮ ಪತ್ರಿಕಾ ಕಚೇರಿಯಲ್ಲಿ ಗಂಗಾವತಿಯಿಂದ ಬಂದ ಭತ್ತದ ವರದಿಯೊಂದನ್ನು ಅರ್ಧಕ್ಕೆ ಇಳಿಸುತ್ತಿದ್ದೆ. ಫೋನಿನಲ್ಲಿ ಹೆಂಡತಿ.

‘ಬೇವೂರು ಹೋತು’ ಅಂದಳು.

ಸುದ್ದಿಮನೆಯಲ್ಲಿ ಕೂತವನಿಗೆ ಅಂಥ ವಾಕ್ಯ ಕೇಳಿದರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ‘ಏನಾತು? ಯಾವಾಗ? ಯಾರಿಗರ ಏನರ ಆತೇನು?’ ಎಂದು ಕೇಳಿದೆ.

‘ಯಾರಿಗೂ ಏನೂ ಆಗಿಲ್ಲ. ನನ್ನ ರೌಟರ್ ಸತ್ತೈತಿ. ಕಾಕಾ ಈಗ ನನ್ನ ಕೊಲ್ಲತಾನ. ಬರೀಬೇಕಂದ್ರ ಅದನ್ನ ಬರೀರಿ.’

ನನ್ನ ಹೆಂಡತಿ ಕೊಪ್ಪಳದಲ್ಲಿ ಸಣ್ಣದೊಂದು ಇಂಟರ್‌ನೆಟ್ ಸೇವೆ ನಡೆಸುತ್ತಾಳೆ. ದೊಡ್ಡ ಕಂಪನಿಗಳ ಕೇಬಲ್ ಮುಟ್ಟದ ಹಳ್ಳಿಗಳಿಗೆ ಮನೆ ಮಾಳಿಗೆಗಳ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಗಾಳಿಯಲ್ಲೇ ಸಂಪರ್ಕ ದಾಟಿಸುತ್ತಾಳೆ. ಇರಕಲ್ಲಗಡದ ಕಡೆಗೊಂದು ಸಾಲು, ಕುಕನೂರಿನ ಕಡೆಗೊಂದು ಸಾಲು. ಕುಷ್ಟಗಿ ದಿಕ್ಕಿನ ಹಳ್ಳಿಗಳಿಗೆಲ್ಲ ಸಂಪರ್ಕ ಹೋಗುವುದು ಬೇವೂರಿನ ಒಂದೇ ಕಂಬದಿಂದ. ಆ ಕಂಬ ನಿಂತಿರುವುದು ಅವಳ ತವರಿನ ಮಾಳಿಗೆಯ ಮೇಲೆ. ಆ ಮನೆಯಲ್ಲಿ ಈಗ ಇರುವವರು ಅವಳ ಕಾಕಾ ಮತ್ತು ಚಿಗವ್ವ. ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಕಂಬಕ್ಕೆ ಜಾಗ ಬೇಕೆಂದಾಗ ಕಾಕಾ, ‘ಮಾಳಿಗಿ ಏನು, ನನ್ನ ನೆತ್ತಿ ಮ್ಯಾಲ ಹುಗಿ’ ಎಂದು ಊರ ಮುಂದೆಯೇ ಹೇಳಿದ್ದರು.

ಕಂಬದ ತುದಿಯಲ್ಲಿರುವುದು ತಟ್ಟೆಯಂಥ ಆಂಟೆನಾ. ಅದಕ್ಕೆ ಬುದ್ಧಿ ಹೇಳುವ ರೌಟರ್ ಇರುವುದು ಕೆಳಗೆ ನಡುಮನೆಯ ಗೋಡೆಯಲ್ಲಿ ಗೂಡಿನಂತೆ ಕೊರೆದ ಮಾಡಿನಲ್ಲಿ, ದೇವರ ಜಗಲಿಯ ಪಕ್ಕ. ಅದರ ಪಕ್ಕದಲ್ಲೇ ಬ್ಯಾಟರಿ. ಹಳೆಯ ಫರ್ಮ್‌ವೇರಿನಲ್ಲಿ, ಅಂದರೆ ರೌಟರನ್ನು ನಡೆಸುವ ಒಳಗಿನ ತಂತ್ರಾಂಶದಲ್ಲಿ, ಒಂದು ದೋಷವಿತ್ತು. ಕುಷ್ಟಗಿ ದಿಕ್ಕಿನ ಹಳ್ಳಿಗಳ ಸಂಪರ್ಕ ಆಗಾಗ ತಾನಾಗಿ ಕಡಿದುಬೀಳುತ್ತಿತ್ತು. ಹೊಸ ಆವೃತ್ತಿ ಬಂದಿತ್ತು. ಹೆಂಡತಿ ಕೊಪ್ಪಳದಲ್ಲಿ ಕೂತು ಅದನ್ನು ಕಳಿಸಿದಳು. ಅದು ಅರ್ಧ ಬರೆದುಕೊಂಡಾಗ ರೌಟರಿನ ಕರೆಂಟು ಹೋಯಿತು. ಹಳೆಯದು ಅಳಿಸಿಹೋಗಿತ್ತು, ಹೊಸದು ಪೂರ್ತಿ ಬಂದಿರಲಿಲ್ಲ. ಮತ್ತೆ ಕರೆಂಟು ಬಂದರೂ ಏಳಲು ಅದರೊಳಗೆ ಯಾರೂ ಉಳಿದಿರಲಿಲ್ಲ.

ಮರುದಿನ ಬದಲಿ ರೌಟರ್ ಚೀಲದಲ್ಲಿಟ್ಟುಕೊಂಡು ಇಬ್ಬರೂ ಸ್ಕೂಟರಿನಲ್ಲಿ ಹೋದೆವು. ಕಾಕಾ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು.

‘ಬಾರವಾ, ಇಂಜಿನಿಯರ್. ನಿನ್ನ ಡಬ್ಬಿ ಶಿವನ ಪಾದ ಸೇರೇತಿ. ನಿನ್ನಿಯಿಂದ ಊರ ಮಂದಿ ನನ್ನ ಬಾಗಲಕ್ಕ ಪಾಳಿ ಹಚ್ಯಾರ. ಒಬ್ಬಾಂವ ಕ್ರಿಕೆಟ್ ನಿಂತೈತಿ ಅಂತಾನ, ಒಬ್ಬಾಕಿ ಧಾರಾವಾಹಿ ನಿಂತೈತಿ ಅಂತಾಳ. ನಾ ನಿಲ್ಲಿಸೀನೇನು?’

‘ಕಾಕಾ, ನಿನ್ನಿ ಮಧ್ಯಾಹ್ನ ಕರೆಂಟ್ ಹೋಗಿತ್ತೇನು?’

‘ಎಲ್ಲಿ ಹೋಗಿತ್ತು? ನಾ ಫ್ಯಾನಿನ ಕೆಳಗ ಮಲಗಿದ್ದೆ. ಫ್ಯಾನ್ ನಿಂತಿದ್ರ ನನಗ ಎಚ್ಚರ ಆಗತಿದ್ದಿಲ್ಲೇನು?’

‘ಕೊಪ್ಪಳದಾಗ ನನ್ನ ಕಂಪ್ಯೂಟರ್ ಹೇಳತೈತಿ, ಹೋಗಿತ್ತು ಅಂತ.’

‘ನಿನ್ನ ಕಂಪ್ಯೂಟರ್ ನನ್ನ ಫ್ಯಾನ್ ನೋಡೇತೇನು?’

ಎರಡು ಮೂಲಗಳು, ಎರಡು ಮಾತು. ನನ್ನ ಕೆಲಸದಲ್ಲಿ ಇಂಥದ್ದು ದಿನವೂ ಬರುತ್ತದೆ. ಕರೆಂಟು ಹೋಗಿದ್ದರೂ ಬ್ಯಾಟರಿ ಇತ್ತಲ್ಲ ಎಂದು ಪರೀಕ್ಷಿಸಿದೆವು, ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಯಾರ ಮಾತನ್ನೂ ಸುಳ್ಳೆನ್ನಲು ಆಧಾರವಿರಲಿಲ್ಲ. ಚಿಗವ್ವ ಒಳಗಿನಿಂದ, ‘ರೊಟ್ಟಿ ಆರತಾವು, ಮೊದಲ ಉಣ್ಣಾಕ ಬರ್ರಿ. ಅದರ ತಿಥಿ ಆಮ್ಯಾಲ ಮಾಡೀರಂತ’ ಎಂದು ಕೂಗಿದರು.

ಊಟದ ನಡುವೆ ಕಾಕಾ ತೀರ್ಪು ಕೊಟ್ಟರು.

‘ಈಗ ಹೊಸಾದು ಹಾಕು. ಬ್ಯಾಡ ಅನ್ನಂಗಿಲ್ಲ. ಆದ್ರ ಇನ್ನೊಮ್ಮಿ ಸತ್ತಿತಂದ್ರ, ಕಂಬ ಕಿತ್ತು ದನದ ಹಂದರಕ್ಕ ಹಾಕ್ತೀನಿ. ಭಾಳ ಛಲೋ ಕಬ್ಬಿಣ ಐತಿ.’

‘ಕಾಕಾ, ನಾ ಈ ಮನಿ ಮಗಳು.’

‘ಮಗಳಂತನ ಒಂದು ಅವಕಾಶ ಹೆಚ್ಚಿಗಿ ಕೊಟ್ಟೀನಿ. ಬ್ಯಾರೆ ಮಂದಿ ಆಗಿದ್ರ ಈ ತುತ್ತು ಉಣ್ಣೂದ್ರಾಗ ಕಿತ್ತಿರತಿದ್ದೆ.’

ಅವರು ನಗುತ್ತಲೇ ಹೇಳಿದರು. ಆದರೆ ಅವರು ನಗುತ್ತ ಹೇಳಿದ್ದನ್ನೂ ಮಾಡುವವರು ಎಂದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಕಂಬ ಹೋದರೆ ಕುಷ್ಟಗಿ ದಿಕ್ಕಿನ ಸಾಲು ಪೂರ್ತಿ ಕತ್ತಲು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ತವರಿನ ಮಾಳಿಗೆಯಿಂದಲೇ ಕಂಬ ಕೆಳಗಿಳಿಯಿತು ಎಂದ ಮೇಲೆ ಬೇರೆ ಯಾವ ಊರಿನವರು ನನ್ನ ಹೆಂಡತಿಗೆ ಮಾಳಿಗೆ ಕೊಟ್ಟಾರು? ಹೊಸ ಫರ್ಮ್‌ವೇರ್ ಹಾಕದೆ ಬಿಡುವಂತೆಯೂ ಇರಲಿಲ್ಲ; ಹಳೆಯ ದೋಷ ಹಾಗೇ ಇತ್ತು, ಬೈಗುಳಗಳು ಹಾಗೇ ಬರುತ್ತಿದ್ದವು.

ವಾಪಸ್ ಬರುವಾಗ ಅವಳು ರಸ್ತೆ ಬದಿಯಲ್ಲಿ ಮಿರ್ಚಿ ಕರಿಯುತ್ತಿದ್ದ ಬಂಡಿಯ ಹತ್ತಿರ ಸ್ಕೂಟರ್ ನಿಲ್ಲಿಸಲು ಹೇಳಿದಳು. ಮಂಡಕ್ಕಿಯ ಜತೆ ಮೊದಲ ಮಿರ್ಚಿ ಮುಗಿಸಿದ ಮೇಲೆ ಅವಳ ಮುಖ ಬೆಳಗಿತು.

‘ಎರಡು ಖೋಲಿ ಮಾಡಬೇಕು’ ಅಂದಳು.

‘ಎಲ್ಲಿ? ಮನಿಯೊಳಗ?’

‘ರೌಟರ್ ಒಳಗ. ಕೇಳ್ರಿ ಇಲ್ಲಿ. ಈಗ ಅದರೊಳಗ ಇರೂದು ಒಂದ ಖೋಲಿ. ಹೊಸಾ ಫರ್ಮ್‌ವೇರ್ ಹಾಕೂದಂದ್ರ ಏನು? ಒಳಗ ಮಂದಿ ಮಲಗಿದ್ದಾಗ ಗ್ವಾಡಿ ಕೆಡವಿ ಮತ್ತ ಕಟ್ಟಿದಂಗ. ನಡುವ ಗೌಂಡಿ ಓಡಿಹೋದ್ರ ಎಲ್ಲರೂ ಬಯಲಾಗ. ಅದರ ಬದಲಿ ಎರಡು ಖೋಲಿ ಮಾಡಿದ್ರ? ಒಂದರಾಗ ಇರೂದು, ಇನ್ನೊಂದನ್ನ ಕಟ್ಟೂದು. ಕಟ್ಟಿದ ಮ್ಯಾಲ ಆ ಕಡಿ ಹೋಗೂದು. ಮಾಳಿಗಿ ಸೋರಿದ್ರ ಸುಮ್ಮ ಹಳೇ ಖೋಲಿಗೆ ವಾಪಸ್.’

‘ಯಾವ ಖೋಲಿ ಅಂತ ಯಾರು ಹೇಳತಾರ ಅದಕ್ಕ?’

‘ಬಾಗಲಾಗ ಒಬ್ಬ ಕಾವಲುಗಾರ ಇರತಾನ. ಬೂಟ್‌ಲೋಡರ್ ಅಂತಾರ. ಕರೆಂಟ್ ಬಂದ ಕೂಡಲೇ ಮೊದಲ ಏಳಾಂವ ಅವನ. ಯಾವ ಬಾಗಲ ತಗೀಬೇಕು ಅಂತ ಅವಗ ಕಲಿಸಿದ್ರ ಆತು.’

ತಂತ್ರಜ್ಞರು ಇದನ್ನು ಎರಡು ರೂಟ್ ಪಾರ್ಟಿಷನ್ ಎನ್ನುತ್ತಾರಂತೆ. ರೌಟರಿನ ನೆನಪಿನ ಜಾಗವನ್ನು ಒಡೆದು, ಇಡೀ ವ್ಯವಸ್ಥೆಯ ಎರಡು ಪ್ರತಿಗಳನ್ನು ಬೇರೆ ಬೇರೆ ಇಡುವುದು. ಆ ಹೊತ್ತಿಗೆ ನನಗೆ ಅರ್ಥವಾದದ್ದು ಮಾತ್ರ ಖೋಲಿ ಮತ್ತು ಕಾವಲುಗಾರ. ಆಮೇಲೂ ನಮ್ಮ ಮನೆಯಲ್ಲಿ ಬೇರೆ ಹೆಸರು ಬಳಕೆಗೆ ಬರಲಿಲ್ಲ. ಅವಳು ಕುಣಿಯುತ್ತಲೇ ಸ್ಕೂಟರ್ ಹತ್ತಿದಳು. ಕೊಪ್ಪಳದ ಕೋಟೆಗುಡ್ಡ ಕಾಣುವವರೆಗೂ ಹಿಂದಿನ ಸೀಟಿನಿಂದ ಬೂಟ್‌ಲೋಡರಿನ ಗುಣಗಾನ ನನ್ನ ಕಿವಿಯಲ್ಲಿ ನಡೆದಿತ್ತು.

ಮುಂದಿನ ದಿನಗಳಲ್ಲಿ ನಮ್ಮ ಅಡುಗೆಮನೆ ಅಡುಗೆಮನೆಯಾಗಿ ಉಳಿಯಲಿಲ್ಲ. ಸತ್ತ ರೌಟರಿನ ಮೈ ಬಿಚ್ಚಿ, ಒಳಗೆ ಸಣ್ಣ ತಂತಿಗಳನ್ನು ಹಚ್ಚಿ, ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಮತ್ತೆ ಜೀವ ತಂದಳು. ಜಾಗ ಅರ್ಧವಾದ್ದರಿಂದ ಒಂದು ಖೋಲಿಯಲ್ಲಿ ಎಲ್ಲ ಸಾಮಾನೂ ಹಿಡಿಯಲಿಲ್ಲ. ಪ್ರಿಂಟರ್ ಹಂಚುವ ಸೌಲಭ್ಯ ಹೋಯಿತು. ಯಾವುದೋ ದೂರದೇಶದ ಭಾಷೆಗಳ ಪುಟಗಳು ಹೋದವು. ‘ಬೇವೂರಾಗ ಇದನ್ನ ಯಾರು ಓದತಾರ?’ ಎಂದು ಒಂದೊಂದನ್ನೇ ಅಳಿಸುವಾಗ ಅವಳಿಗೆ ಅಟ್ಟ ಸ್ವಚ್ಛ ಮಾಡುವವರ ಹುಮ್ಮಸ್ಸು. ಗ್ರಾಹಕರ ಹೆಸರು, ಗುಪ್ತಪದ, ಆಂಟೆನಾದ ಲೆಕ್ಕಾಚಾರ ಇವೆಲ್ಲ ಎರಡೂ ಖೋಲಿಗಳಿಗೆ ಬೇಕಾದ ಸಾಮಾನು. ಅದಕ್ಕೆ ಹೊರಗೆ ಪಡಸಾಲೆಯಲ್ಲಿ ಒಂದು ಕಪಾಟು ಇಟ್ಟಂತೆ ಮೂರನೆಯ ಸಣ್ಣ ಜಾಗ ಮಾಡಿದಳು.

ಆಮೇಲೆ ಪರೀಕ್ಷೆ. ನನ್ನ ಪಾಲಿನ ಕೆಲಸ ಒಂದೇ. ಹೊಸ ಫರ್ಮ್‌ವೇರ್ ಅರ್ಧ ಬರೆಯುತ್ತಿರುವಾಗ ಅವಳು ‘ಎಳೀರಿ!’ ಎನ್ನುತ್ತಾಳೆ, ನಾನು ಪ್ಲಗ್ ಕೀಳಬೇಕು.

ಮೊದಲ ಸಲ ಕಿತ್ತು ಮತ್ತೆ ಹಾಕಿದಾಗ ರೌಟರ್ ಎದ್ದಿತು, ಬಿದ್ದಿತು, ಎದ್ದಿತು, ಬಿದ್ದಿತು. ಕಾವಲುಗಾರ ಅರೆಬರೆ ಕಟ್ಟಿದ ಖೋಲಿಯ ಬಾಗಿಲನ್ನೇ ಮತ್ತೆ ಮತ್ತೆ ತಟ್ಟುತ್ತಿದ್ದ. ‘ದಡ್ಡ ಅದಾನ. ಸಾಕು ಅನ್ನೂದು ಗೊತ್ತಿಲ್ಲ’ ಎಂದು ಬೈದು, ಕೆಲವು ಸಲ ತಟ್ಟಿದ ಮೇಲೆ ಸುಮ್ಮನೆ ಹಳೆಯ ಬಾಗಿಲಿಗೆ ಹೋಗುವುದನ್ನು ಅವನಿಗೆ ಕಲಿಸಿದಳು. ಅದಾದ ಮೇಲೆ ಬೇರೆ ತೊಂದರೆ. ರೌಟರ್ ಹೊಸ ಖೋಲಿಯಲ್ಲಿ ಸರಿಯಾಗಿ ಎದ್ದಿತು, ಹಸಿರು ದೀಪ ಹಚ್ಚಿತು, ಆದರೆ ಯಾರ ಜತೆಗೂ ಮಾತಾಡಲಿಲ್ಲ. ರೇಡಿಯೊ ಮೂಕ. ಕಾವಲುಗಾರನ ಪ್ರಕಾರ ಎಲ್ಲ ಸುಸೂತ್ರ.

‘ಎದ್ದರ ಸಾಕೇನು?’ ಎಂದು ಅವಳು ತಲೆ ಮೇಲೆ ಕೈ ಹೊತ್ತಳು. ‘ಎದ್ದು ಸುಮ್ಮ ಕೂತರ ನನಗ ಗೊತ್ತ ಆಗಂಗಿಲ್ಲ. ಬೇವೂರಿಗೆ ಮತ್ತ ಹೋಗಬೇಕು, ಕಾಕಾ ಕಂಬ ಕೀಳತಾನ.’

ನಾನು ನಮ್ಮ ಕಚೇರಿಯ ಪದ್ಧತಿ ಹೇಳಿದೆ. ಯಲಬುರ್ಗಾದ ವರದಿಗಾರ ಸುದ್ದಿ ಕಳಿಸಿದೆ ಎಂದರೆ ನಾವು ಒಪ್ಪುವುದಿಲ್ಲ. ಈ ಕಡೆಯಿಂದ ಯಾರಾದರೂ ‘ಬಂತು’ ಎಂದು ಹೇಳಿದ ಮೇಲೆಯೇ ಅದು ಬಂದದ್ದು. ಅಲ್ಲಿಯವರೆಗೆ ಆ ಜಾಗದಲ್ಲಿ ಹಾಕಲು ಬೇರೊಂದು ಸುದ್ದಿ ಸಿದ್ಧವಾಗಿಯೇ ಇರುತ್ತದೆ.

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ಲಟ್ಟಣಿಗೆಯಿಂದ ಮೇಜು ಕುಟ್ಟಿದಳು. ಅಂದು ಸಂಜೆಗೆ ಹೊಸ ನಿಯಮ ತಯಾರಾಯಿತು. ಹೊಸ ಖೋಲಿಯಲ್ಲಿ ಎದ್ದವನು ಮೊದಲು ಕೊಪ್ಪಳವನ್ನು ಕೂಗಬೇಕು. ಕೊಪ್ಪಳ ಓಗೊಟ್ಟರೆ ಮಾತ್ರ ‘ಈ ಖೋಲಿ ಸರಿ ಐತಿ’ ಎಂದು ಗುರುತು ಹಾಕಬೇಕು. ಓಗೊಡದಿದ್ದರೆ ಬಾಯಿ ಮುಚ್ಚಿಕೊಂಡು ಹಳೆಯ ಖೋಲಿಗೆ ಹೋಗಬೇಕು.

ಆಮೇಲೆ ನಾವು ಅದನ್ನು ಎಷ್ಟು ಸಲ ಕೊಂದೆವೋ ನೆನಪಿಲ್ಲ. ಎಳೀರಿ! ಎಳೆದೆ. ಹಾಕ್ರಿ! ಹಾಕಿದೆ. ಕೆಂಪು, ಕಿತ್ತಳೆ, ಕತ್ತಲು, ಮತ್ತೆ ಕೆಂಪು, ಹಸಿರು. ಬರೆಯುವ ಮೊದಲು ಎಳೆದೆ, ಬರೆಯುವಾಗ ಎಳೆದೆ, ಬರೆದು ಮುಗಿದ ಕೂಡಲೇ ಎಳೆದೆ. ಅವಳು ಬೇಕೆಂದೇ ಹಾಳು ಫರ್ಮ್‌ವೇರ್ ಕಳಿಸಿದಳು. ಅದು ಎಡವಿತು, ಮುಗ್ಗರಿಸಿತು, ಹಳೆಯ ಖೋಲಿಯಿಂದ ಎದ್ದು ಬಂದು ಏನೂ ಆಗದವರಂತೆ ಹಸಿರು ದೀಪ ಹಚ್ಚಿತು. ನಾವಿಬ್ಬರೂ ನಗಲು ಶುರು ಮಾಡಿದವರು ನಿಲ್ಲಿಸಲಾರದೆ ನೆಲದ ಮೇಲೆ ಕೂತುಬಿಟ್ಟೆವು. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಕೆಳಗಿನ ಮನೆಯಾಕೆ ಮೆಟ್ಟಿಲ ಬುಡದಿಂದ, ‘ಏನವಾ, ಏನರ ಛಲೋ ಸುದ್ದಿ ಐತೇನು?’ ಎಂದು ಕೇಳಿದಳು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ, ‘ಸಾಯವಲ್ದವಾ, ಏನ ಮಾಡಿದ್ರೂ ಸಾಯವಲ್ದು!’ ಎಂದು ಕೂಗಿದಳು. ಆಕೆ ಮತ್ತೇನೂ ಕೇಳದೆ ಒಳಗೆ ಹೋದಳು.

ಶನಿವಾರ ಬೇವೂರಿಗೆ ಹೋಗಿ ಆ ಎರಡು ಖೋಲಿಯ ರೌಟರನ್ನು ಮಾಡಿನಲ್ಲಿಟ್ಟು ಬಂದೆವು. ಎರಡೂ ಖೋಲಿಗಳಲ್ಲಿ ಸದ್ಯಕ್ಕೆ ಹಳೆಯ ಫರ್ಮ್‌ವೇರೇ ಇತ್ತು. ಹೊಸದನ್ನು ಸೋಮವಾರ ಮಧ್ಯಾಹ್ನ ದೂರದಿಂದಲೇ ಹಾಕುವುದೆಂದು ಅವಳು ನಿಶ್ಚಯಿಸಿದಳು. ಸೋಮವಾರವೇ ಯಾಕೆಂದು ಕೇಳಿದೆ. ಅವಳು ಗ್ರಾಫ್ ತೋರಿಸಿದಳು. ವಾರವೆಲ್ಲ ಬೇವೂರಿನ ಬಳಕೆಯ ಗೆರೆ ಗುಡ್ಡ ಹತ್ತಿಳಿಯುತ್ತಿತ್ತು. ಸೋಮವಾರ ಮಧ್ಯಾಹ್ನ ಮಾತ್ರ ನೆಲಕ್ಕೆ ಮಲಗುತ್ತಿತ್ತು.

‘ಯಾರೂ ಬಳಸಂಗಿಲ್ಲ ಆಗ. ಹೋದ ಸಲಾನೂ ಅದಕ್ಕ ಅದ ಹೊತ್ತು ಆರಿಸಿದ್ದೆ. ಯಾರಿಗೂ ತೊಂದ್ರಿ ಆಗಬಾರದು ನೋಡ್ರಿ.’

ಕೊಪ್ಪಳದ ತುದಿಯನ್ನು ನೋಡಿಕೊಳ್ಳಲು ಅವಳು ಅಲ್ಲೇ ಇರಬೇಕಿತ್ತು. ಬೇವೂರಿಗೆ ನನ್ನನ್ನು ಕಳಿಸಿದಳು. ‘ನೀವು ರೌಟರ್ ಮುಂದ ಕೂಡ್ರಿ. ಫೋನ್ ಹಿಡಕೊಂಡಿರ್ರಿ. ಕಂಡಿದ್ದನ್ನ ಅಷ್ಟ ಹೇಳ್ರಿ, ನಿಮಗ ಅನಿಸಿದ್ದನ್ನ ಹೇಳಬ್ಯಾಡ್ರಿ.’ ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ಸ್ಪಷ್ಟವಾದ ಸೂಚನೆಯನ್ನು ಯಾವ ಸಂಪಾದಕರೂ ಕೊಟ್ಟಿರಲಿಲ್ಲ.

ಸೋಮವಾರ ನಾನು ತಲುಪಿದಾಗ ಕಾಕಾ ಫ್ಯಾನಿನ ಕೆಳಗೆ ಅಡ್ಡಾಗಿದ್ದರು, ಆದರೆ ಕಣ್ಣು ತೆರೆದಿದ್ದವು.

‘ಇವತ್ತ ಐತಂತಲ್ಲ ಅಳಿಯಂದ್ರ, ಪರೀಕ್ಷಾ. ಹಂದರದ ಅಳತಿ ಬೆಳಿಗ್ಗೆನ ತಗೊಂಡೀನಿ.’

ಮಾಡಿನ ಎದುರು ಮಣೆ ಹಾಕಿಕೊಂಡು ಕೂತೆ. ಫೋನಿನಲ್ಲಿ ಹೆಂಡತಿ ಬರೆಯಲು ಶುರುವಾಯಿತೆಂದಳು. ದೀಪ ಪಿಳಪಿಳನೆ ಮಿನುಗತೊಡಗಿತು. ‘ಮಿನುಗುತ್ತಿದೆ’ ಎಂದು ವರದಿ ಮಾಡಿದೆ. ‘ಇನ್ನೂ ಮಿನುಗುತ್ತಿದೆ.’ ‘ಮಿನುಗುವುದು ಮುಂದುವರಿದಿದೆ.’

ಅಷ್ಟರಲ್ಲಿ ಚಿಗವ್ವ ಹಿತ್ತಲಿನಿಂದ ಬಂದರು. ಎತ್ತುಗಳ ಮೈ ತೊಳೆದು ಬಂದಿದ್ದರಿಂದ ಸೀರೆಯ ಅಂಚು ಒದ್ದೆಯಾಗಿತ್ತು. ಜಗಲಿಗೆ ಕೈಮುಗಿದು, ವಿಭೂತಿ ಗಟ್ಟಿಯ ಮೇಲೆ ಬೆರಳು ಆಡಿಸಿ, ರೌಟರಿನ ನೆತ್ತಿಗೆ ಮೂರು ಗೆರೆ ಎಳೆದರು. ನಾನು ಮುಗುಳ್ನಕ್ಕೆ. ಆಮೇಲೆ ಅವರು ಅದೇ ಕೈಯಿಂದ ಬೋರ್ಡಿನ ಸ್ವಿಚ್ ಆರಿಸಿದರು.

ದೀಪ ಹೋಯಿತು. ಬ್ಯಾಟರಿಗೂ ರೌಟರಿಗೂ ನಡುವೆ ಇದ್ದ ಸ್ವಿಚ್ ಅದು. ಫ್ಯಾನು ತಿರುಗುತ್ತಲೇ ಇತ್ತು.

‘ಹೋತು!’ ಫೋನಿನಲ್ಲಿ ಹೆಂಡತಿ ಚೀರಿದಳು. ‘ಏನಾತು? ಕರೆಂಟ್ ಹೋತೇನು?’

‘ಕರೆಂಟು ಹೋಗಿಲ್ಲ’ ಎಂದೆ. ‘ಚಿಗವ್ವ ಸ್ವಿಚ್ ಆರಿಸಿದರು.’

ನಾನು ಫೋನಿನ ಸ್ಪೀಕರ್ ಹಾಕಿದೆ. ಕಾಕಾ ಎದ್ದು ಕೂತರು.

‘ಯಾಕ ಆರಿಸಿದಿ ಬೇ?’

‘ಯಾಕಂದ್ರ? ಇವತ್ತ ಸೋಮಾರ ಅಲ್ಲೇನು?’ ಚಿಗವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ‘ಸೋಮಾರ ಬಸವಣ್ಣನ ವಾರ. ನಾವು ಎತ್ತಿಗೆ ನೊಗ ಹಾಕಂಗಿಲ್ಲ. ಇದು ಹಗಲೂ ರಾತ್ರಿ ಕಣ್ಣು ಪಿಳಿಪಿಳಿ ಬಿಟಗೊಂಡು ಇಡೀ ಊರಿನ ಕೆಲಸ ಮಾಡತೈತಿ. ವಾರಕ್ಕ ಒಂದ ಹೊತ್ತರ ಮಲಗಬ್ಯಾಡೇನು? ಚಾ ಆಗೂತನ ಮಲಗಲಿ ಅಂತ ಆರಸ್ತೀನಿ.’

‘ಪ್ರತಿ ಸೋಮಾರ?’

‘ಪ್ರತಿ ಸೋಮಾರ. ತಂದ ಇಟ್ಟಾಗಿಂದ.’

ಕಾಕಾ ಚಿಗವ್ವನ ಮುಖ ನೋಡಿದರು, ಫ್ಯಾನ್ ನೋಡಿದರು, ನನ್ನ ಫೋನ್ ನೋಡಿದರು. ‘ಹಂಗಾದ್ರ ಆ ಮೊದಲನೇದನ್ನ ಕೊಂದಾಕಿ ನೀನ!’

‘ನಾ ಮಲಗಿಸೀನಿ. ಕೊಂದಿಲ್ಲ. ಎಬ್ಬಿಸಿದಾಗ ಏಳಲಿಲ್ಲ. ಮುದಿ ಆಗಿತ್ತೇನೋ ಅನ್ಕೊಂಡೆ. ನನ್ನ ಯಾರರ ಕೇಳೀರೇನು?’

ಯಾರೂ ಕೇಳಿರಲಿಲ್ಲ. ಕಾಕಾ ಹೇಳಿದ್ದೂ ನಿಜ, ಕಂಪ್ಯೂಟರ್ ಹೇಳಿದ್ದೂ ನಿಜ. ಫೋನಿನಿಂದ ಬಿಕ್ಕಳಿಕೆಯಂಥ ಸದ್ದು ಕೇಳಿಬಂತು. ಗ್ರಾಫಿನ ಆ ಮಲಗಿದ ಗೆರೆಯ ಅರ್ಥ ಅವಳಿಗೆ ಆಗ ಹೊಳೆದಿತ್ತು. ಬಳಕೆ ಇಲ್ಲದ್ದಕ್ಕೂ ರೌಟರೇ ಇಲ್ಲದ್ದಕ್ಕೂ ಅದು ಒಂದೇ ಗೆರೆ ಎಳೆಯುತ್ತಿತ್ತು. ಸೋಮವಾರದ ಬೈಗುಳಗಳೂ ಹಳೆಯ ದೋಷದ ಲೆಕ್ಕಕ್ಕೇ ಸೇರಿದ್ದವು. ಯಾರಿಗೂ ತೊಂದರೆಯಾಗದ ಹೊತ್ತೆಂದು ಅವಳು ಹುಡುಕಿ ಹುಡುಕಿ ಆರಿಸಿದ್ದು, ಚಿಗವ್ವ ಸ್ವಿಚ್ ಆರಿಸುವ ಹೊತ್ತನ್ನೇ.

‘ಅಳಾಕತ್ತಾಳೇನು?’ ಎಂದು ಕಾಕಾ ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

‘ನಗಾಕತ್ತಾಳ್ರಿ.’

‘ಚಿಗವ್ವಾ’ ಎಂದು ಅವಳು ಹೇಗೋ ಉಸಿರು ಹಿಡಿದು ಕರೆದಳು, ‘ನಿನ್ನ ಕಾಲಿಗೆ ಬೀಳತೀನಿ, ಸ್ವಿಚ್ ಹಾಕು.’

‘ಚಾ ಆಗಲಿ.’

‘ಚಾ ಆಗೂದ್ರಾಗ ಊರ ಮಂದಿ ಬಂದು ಕಾಕಾನ ಮುಂದ ಒದರತಾರ. ಅವ ಕಂಬ ಕೀಳತಾನ.’

‘ಕೀಳಲಿ ನೋಡೂನು. ಬಾಯಿಲ್ಲದ ಪ್ರಾಣಿಗೆ ಸೋಮಾರ ನೊಗ ಹಾಕಂಗಿಲ್ಲ ನಾ.’

ಬಾಗಿಲಲ್ಲಿ ಆಗಲೇ ನಾಲ್ಕಾರು ಜನ ಸೇರಿದ್ದರು. ಓಣಿಯ ಒಬ್ಬ ಹಿರಿಯರು ಕೈಯಲ್ಲಿ ಫೋನ್ ಹಿಡಿದುಕೊಂಡು, ‘ಏ, ಮತ್ತ ಹೋತೇನು ನಿಮ್ಮ ಡಬ್ಬಿ?’ ಎಂದು ಕೂಗಿದರು. ಕಂಬ ಕೀಳುವ ಕಾಕಾನ ಮಾತು ಆಗಲೇ ಊರಿಗೆಲ್ಲ ಹರಡಿತ್ತು; ಈಗ ಅದು ಅವರ ಮೈಮೇಲೆ ಬರುವುದರಲ್ಲಿತ್ತು.

‘ಚಿಗವ್ವಾ, ಕೇಳಿಲ್ಲಿ’ ಎಂದಳು ಹೆಂಡತಿ. ‘ಈ ಸಲ ಅದರೊಳಗ ಎರಡು ಅದಾವು. ಒಂದು ಕೆಲಸ ಮಾಡುವಾಗ ಇನ್ನೊಂದು ಮಲಗೇ ಇರತೈತಿ.’

ಚಿಗವ್ವನ ಕೈ ಸೊಂಟದಿಂದ ಕೆಳಗಿಳಿಯಿತು. ‘ಜೋಡಿ ಅನ್ನು ಮತ್ತ.’

‘ಜೋಡಿ.’

‘ಒಂದ ನೊಗಕ್ಕ ಎರಡೂ ಒಮ್ಮೆ ಕಟ್ಟಂಗಿಲ್ಲ?’

‘ಇಲ್ಲ. ಪಾಳಿ ಪ್ರಕಾರ.’

ಚಿಗವ್ವ ನನ್ನ ಕಡೆ ತಿರುಗಿದರು. ‘ಖರೇ ಏನ್ರೀ ಅಳಿಯಂದ್ರ? ಪೇಪರಿನವರು ನೀವು. ನಿಮ್ಮ ಕಣ್ಣಾರೆ ನೋಡೀರೇನು?’

‘ನೋಡೀನ್ರಿ. ನಮ್ಮ ಅಡಗಿಮನ್ಯಾಗ. ಒಂದನ್ನ ಕೆಡವಿದಾಗ ಇನ್ನೊಂದು ಎದ್ದು ಬಂದಿತ್ತು.’

ಅವರು ನನ್ನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದರು. ಅಷ್ಟು ಕಠಿಣ ಪಾಟೀಸವಾಲನ್ನು ನಾನು ಕೋರ್ಟು ವರದಿಯಲ್ಲೂ ಕಂಡಿರಲಿಲ್ಲ. ಕೊನೆಗೆ, ‘ಹಂಗಾದ್ರ ಸುಳ್ಳ ಸುಳ್ಳ ಎರಡನ್ನೂ ಮಲಗಿಸಿದಂಗ ಆತಲ್ಲ’ ಎಂದು ಸ್ವಿಚ್ ಹಾಕಿದರು.

ಕೆಂಪು ದೀಪ. ಅರ್ಧ ಬರೆದ ಹೊಸ ಖೋಲಿ ಒಂದು ಕಡೆ, ಮುಟ್ಟದೆ ಉಳಿದ ಹಳೆಯ ಖೋಲಿ ಇನ್ನೊಂದು ಕಡೆ, ನಡುವೆ ಕಾವಲುಗಾರ. ‘ಕೆಂಪು’ ಎಂದೆ. ‘ಇನ್ನೂ ಕೆಂಪು.’ ಬಾಗಿಲಲ್ಲಿದ್ದವರು ಒಳಗೆ ಬಂದು ನನ್ನ ಹಿಂದೆ ನಿಂತರು. ಕಾಕಾ ಎಲ್ಲರಿಗಿಂತ ಮುಂದೆ ಬಗ್ಗಿದ್ದರು. ‘ಕಿತ್ತಳೆ’ ಎಂದು ಈ ಸಲ ಕೂಗಿದ್ದು ಅವರೇ. ಆಮೇಲೆ ಹಸಿರು.

‘ಬಂತು!’ ಫೋನು ಒಡೆಯುವಂತೆ ಕೂಗು. ‘ಹಳೇ ಖೋಲಿಯಿಂದ ಬಂತು! ಯಾರೂ ಮುಟ್ಟಬ್ಯಾಡ್ರಿ, ನಾ ಮತ್ತ ಹಾಕಾಕತ್ತೀನಿ!’

ಎರಡನೆಯ ಸಲ ಬರೆಯುವಾಗ ಚಿಗವ್ವ ಸ್ವತಃ ಬೋರ್ಡಿನ ಮುಂದೆ ಸೆರಗು ಬಿಗಿದು ಕಾವಲು ನಿಂತರು. ಬರೆದು ಮುಗಿಯಿತು. ರೌಟರ್ ತಾನಾಗಿ ಕಣ್ಣು ಮುಚ್ಚಿತು, ತೆರೆಯಿತು, ಹೊಸ ಖೋಲಿಯಿಂದ ಕೊಪ್ಪಳವನ್ನು ಕೂಗಿತು. ಆ ಕಡೆಯಿಂದ ಹೆಂಡತಿ, ‘ಓಗೊಟ್ಟೈತಿ! ಗುರುತು ಹಾಕೇತಿ!’ ಎಂದಳು. ನನ್ನ ಹಿಂದೆ ನಿಂತವರಿಗೆ ಯಾರು ಯಾರಿಗೆ ಓಗೊಟ್ಟರೆಂದು ತಿಳಿಯದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ನನ್ನ ಬೆನ್ನಿಗೆ ಗುದ್ದಿದರು. ಕಂಡದ್ದನ್ನಷ್ಟೇ ಹೇಳಬೇಕಾದವನು ನಾನು. ಆದರೆ ಆ ಕ್ಷಣ ಏನು ಹೇಳಿದೆನೋ ನನಗೇ ಗೊತ್ತಿಲ್ಲ, ಬರೇ ಕೂಗಿದೆ.

‘ಈಗ ಹೊಸಾದು ದುಡಿಯಾಕತ್ತೈತಿ, ಹಳೇದು ಮಲಗೇತಿ. ಹೌದಲ್ಲ?’ ಚಿಗವ್ವ ಫೋನಿನ ಹತ್ತಿರ ಬಂದರು. ‘ಬರೂ ಸೋಮಾರ ಮಲಗಿದ್ದು ಏಳಬೇಕು, ದುಡಿದದ್ದು ಮಲಗಬೇಕು. ಒಂದಕ್ಕ ದಿನಾ ನೊಗ, ಒಂದಕ್ಕ ದಿನಾ ಮೇವು ಅಂದ್ರ ನಾ ಮತ್ತ ಸ್ವಿಚ್ ಆರಸ್ತೀನಿ.’

‘ಚಿಗವ್ವಾ, ಹಂಗ ಯಾರೂ ಮಾಡಂಗಿಲ್ಲ. ಎರಡನೇದು ಇರೂದು ಕಷ್ಟಕಾಲಕ್ಕ…’ ಎಂದು ಶುರು ಮಾಡಿದ ಹೆಂಡತಿ ನಡುವೆಯೇ ನಿಂತಳು. ಅವಳ ಯೋಚನೆ ಓಡುವ ಸದ್ದು ನನಗೆ ಬೇವೂರಿನವರೆಗೆ ಕೇಳಿಸಿತು. ಕಷ್ಟಕಾಲಕ್ಕೆಂದು ಇಟ್ಟ ಖೋಲಿ ಕಷ್ಟಕಾಲದಲ್ಲಿ ನಿಜವಾಗಿ ಏಳುತ್ತದೋ ಇಲ್ಲವೋ ಎಂದು ಆಗಾಗ ಎಬ್ಬಿಸಿ ನೋಡದೆ ತಿಳಿಯುವುದು ಹೇಗೆ? ‘ಮಾಡತೀನಿ’ ಎಂದಳು. ಮುಂದೆ ಎರಡೂ ಖೋಲಿಗಳಿಗೆ ಹೊಸ ಫರ್ಮ್‌ವೇರನ್ನೇ ತುಂಬಿ, ಪ್ರತಿ ಸೋಮವಾರ ಮಧ್ಯಾಹ್ನ ತಾನಾಗಿ ಖೋಲಿ ಬದಲಿಸುವಂತೆ ಮಾಡಿದಳು. ಸಂಪರ್ಕ ಹೋಗುವುದು ಕ್ಷಣಹೊತ್ತು ಮಾತ್ರ. ಈಗ ಇರಕಲ್ಲಗಡದ ಸಾಲಿಗೂ ಕುಕನೂರಿನ ಸಾಲಿಗೂ ಅದೇ ಪದ್ಧತಿ. ಗಂಗಾವತಿಯಲ್ಲಿ ಇಂಥದ್ದೇ ಸೇವೆ ನಡೆಸುವ ಒಬ್ಬರು ಸೋಮವಾರವೇ ಯಾಕೆಂದು ಕೇಳಿದಾಗ ಅವಳು, ‘ಅದು ನಮ್ಮ ಚಿಗವ್ವನ ಆದೇಶ’ ಎಂದಷ್ಟೇ ಹೇಳಿದ್ದಾಳೆ.

ಆದರೆ ಆ ಮಧ್ಯಾಹ್ನ ಇನ್ನೂ ಕಂಬದ ತೀರ್ಪು ಬಾಕಿ ಇತ್ತು. ಎಲ್ಲರೂ ಕಾಕಾನ ಮುಖ ನೋಡುತ್ತಿದ್ದರು. ಅವರು ಗಂಟಲು ಸರಿಪಡಿಸಿಕೊಂಡರು.

‘ಅಳಿಯಂದ್ರ, ನೀವು ಮೊದಲಿಂದ ಇಲ್ಲೇ ಕುಂತೀರಿ. ಹೇಳ್ರಿ, ಅದು ಸತ್ತಿತ್ತೋ ಇಲ್ಲೋ?’

‘ಆರಿಸಿದರು, ಆರಿತು. ಹಾಕಿದರು, ಎದ್ದಿತು. ನಾ ಕಂಡದ್ದು ಅಷ್ಟ.’

‘ಕೇಳಿದ್ರೇನು?’ ಕಾಕಾ ಜನರ ಕಡೆ ತಿರುಗಿದರು. ‘ಸತ್ತಿಲ್ಲ. ಸತ್ತರ ಕಂಬ ಕೀಳತೀನಿ ಅಂದಿದ್ದೆ. ಸತ್ತಿಲ್ಲ ಅಂದ ಮ್ಯಾಲ ಕೀಳೂ ಮಾತ ಇಲ್ಲ. ನನ್ನ ಮಗಳ ಕಂಬ ಇದು. ನಾ ಇರೂತನ ಇಲ್ಲೇ ಇರತೈತಿ. ಯಾರಿಗೇನು ಕೇಳೂದೈತೋ ಈಗ ಕೇಳ್ರಿ!’

ಫೋನಿನಲ್ಲಿ ಮೂಗೆಳೆದ ಸದ್ದು ಬಂತು. ಈ ಸಲ ಅವಳು ನಗುತ್ತಿರಲಿಲ್ಲ ಎನಿಸಿತು. ಕಂಡದ್ದಲ್ಲವಾದ್ದರಿಂದ ನಾನು ಯಾರಿಗೂ ಹೇಳಲಿಲ್ಲ.

ಓಣಿಯ ಹಿರಿಯರು ಜನರನ್ನು ಸರಿಸಿಕೊಂಡು ಮುಂದೆ ಬಂದು ತಮ್ಮ ಫೋನನ್ನು ಕಾಕಾನ ಮೂಗಿಗೆ ಹಿಡಿದರು.

‘ಕಂಬ ಇರಲಿ ಬಿಡೋ ಮಾರಾಯಾ, ಅದನ್ನ ಯಾರು ಬ್ಯಾಡಂದಾರ? ತಿಂಗಳಾತು ಕೇಳಾಕತ್ತು. ಮೊದಲ ಇದಕ್ಕ ನಿಮ್ಮನಿ ವೈಫೈ ಪಾಸ್ವರ್ಡ್ ಹಾಕಿ ಕೊಡು.’